ಪರದೆಯ ಮೂಲೆಯ ಟ್ಯಾಂಕು

ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಲೇ ನನ್ನ ಜೊತೆ ಡ್ಯೂಟಿ ಮಾಡುತ್ತಿದ್ದ ಅಣ್ಣ ಕೇಳುತ್ತಿದ್ದ ಮೊದಲ ಮಾತು, "ಎಲ್ರೂ ಎದ್ರೇನಮ್ಮ?"

ಕೊಠಡಿಯಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಅವರು ಕೇಳುತ್ತಿದ್ದದ್ದು ಗೋಡೆಯ ಮೇಲಿನ ಟ್ಯಾಂಕುಗಳ ವಿಚಾರ. ನಾನು ಪರದೆಯ ಮೇಲೆ ಕಣ್ಣಾಡಿಸಿ, "ಪುರವರದೋರು ಎದ್ರು ಅಣ್ಣ. ನಿಡುಗಲ್ಲಿನೋರು ಇನ್ನೂ ಮಲಗವ್ರೆ" ಎನ್ನುತ್ತಿದ್ದೆ. ಅವರು ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು, ಚಕ್ರದ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ನನ್ನನ್ನು ಆ ಮಾತು ಕೇಳುವವರಿಲ್ಲ. ಆದರೂ ಬೆಳಿಗ್ಗೆ ಪರದೆ ನೋಡಿದ ಕೂಡಲೇ ಉತ್ತರ ಬಾಯಿಗೆ ಬಂದುಬಿಡುತ್ತದೆ.

ನಮ್ಮದು ಮಧುಗಿರಿಯಲ್ಲಿ ಕುಡಿಯುವ ನೀರಿನ ಕಂಟ್ರೋಲ್ ರೂಮು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳ ಟ್ಯಾಂಕುಗಳಿಗೆ ಸೆನ್ಸಾರು ಕೂರಿಸಿದ್ದಾರೆ. ಯಾವ ಟ್ಯಾಂಕಿನಲ್ಲಿ ನೀರು ಎಷ್ಟಿದೆ, ಯಾವ ಪಂಪು ಓಡುತ್ತಿದೆ ಎಂಬುದೆಲ್ಲ ಆಗಿಂದಾಗಲೇ ನಮ್ಮ ಗೋಡೆಗೆ ಬರುತ್ತದೆ. ದೊಡ್ಡ ಪರದೆಯ ತುಂಬ ನಾಲ್ಕು ತಾಲ್ಲೂಕಿನ ನಕ್ಷೆ. ಅದರ ಮೇಲೆ ಒಂದೊಂದು ಊರಿಗೆ ಒಂದೊಂದು ಪುಟ್ಟ ಟ್ಯಾಂಕಿನ ಚಿತ್ರ, ಪಕ್ಕದಲ್ಲಿ ಒಂದು ಚುಕ್ಕೆ. ಎಲ್ಲ ಸರಿಯಿದ್ದರೆ ಚುಕ್ಕೆ ಹಸಿರು, ತೊಂದರೆಯಾದರೆ ಕೆಂಪು, ಸಿಗ್ನಲ್ ಹೋದರೆ ಬೂದು. ಟ್ಯಾಂಕನ್ನು ಒತ್ತಿದರೆ ಒಂದು ಗೆರೆ ತೆರೆದುಕೊಳ್ಳುತ್ತದೆ. ಜನ ನೀರು ಹಿಡಿದಂತೆ ಗೆರೆ ಇಳಿಯುತ್ತದೆ, ಪಂಪು ಓಡಿದಂತೆ ಏರುತ್ತದೆ.

ಕೆಂಪು ಬಂದಾಗಲೆಲ್ಲ ಪರದೆಯಲ್ಲಿ "ನೋಡಿದೆ" ಎಂಬ ಗುಂಡಿಯನ್ನು ಒತ್ತಬೇಕು. ಒತ್ತದೆ ಬಿಟ್ಟರೆ ನಮ್ಮ ಜೂನಿಯರ್ ಇಂಜಿನಿಯರ್ ಸಾಹೇಬರ ಫೋನಿಗೆ ಹೋಗುತ್ತದೆ, ಅವರೂ ನೋಡದಿದ್ದರೆ ಇನ್ನೂ ಮೇಲಿನವರಿಗೆ. ಹಾಗಾಗಿ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಡ್ಯೂಟಿಯ ಹೊತ್ತಿನಲ್ಲಿ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಊರೊಳಗಿನ ಯಾವುದಾದರೂ ಸೆನ್ಸಾರು ಕೆಟ್ಟರೆ, ಸಾಹೇಬರಿಗೆ ಫೋನಿನಲ್ಲಿ ಹೇಳಿ, ಅದನ್ನು ನೋಡಿಬರಲು ಒಬ್ಬರು ಹೋಗಬಹುದಿತ್ತು.

"ಕುರ್ಚಿಗೆ ಚಕ್ರ ಇಕ್ಕವ್ರೆ ನೋಡಮ್ಮ" ಎನ್ನುತ್ತಿದ್ದರು ಅವರು. "ಎಲ್ಲಿಗ್ ಹೋಗಾಕೆ?"

ಅವರು ಪಾವಗಡದ ಕಡೆಯವರು. ಮಾತಿನ ನಡುವೆ ತೆಲುಗು ತಾನಾಗಿ ಬರುತ್ತಿತ್ತು. ಯಾರು ಎಷ್ಟೇ ರೇಗಲಿ, "ಸರ್ಲೇ", ಅಂದರೆ ಆಯ್ತು ಬಿಡು, ಎಂದು ಮುಗಿಸಿಬಿಡುತ್ತಿದ್ದರು. ಫೋನಿನಲ್ಲಿ ಮೇಲಿನ ಅಧಿಕಾರಿಗಳಿಗೂ ಒಮ್ಮೆ "ಸರ್ಲೇ ಸಾರ್" ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡು ನನ್ನ ಕಡೆ ನೋಡಿದ್ದರು. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗುವುದು, ಹೆಗಲ ಟವಲಿನ ತುದಿಯಿಂದ ಪರದೆ ಒರೆಸುವುದು ಅವರ ಅಭ್ಯಾಸ. ಎಲ್ಲ ಟ್ಯಾಂಕುಗಳನ್ನೂ ಒರೆಸುತ್ತಿದ್ದರು. ಸ್ವಂತ ಊರಿನ ಹತ್ತಿರದ ನಿಡುಗಲ್ಲಿನ ಟ್ಯಾಂಕನ್ನು ಮಾತ್ರ ಎರಡು ಸಲ.

ಗೆರೆ ನೋಡುತ್ತಾ ಊರುಗಳ ಸುದ್ದಿ ಹೇಳುತ್ತಿದ್ದರು. ರಂಜಾನ್ ತಿಂಗಳಲ್ಲಿ ಶಿರಾ ಕಡೆಯ ಟ್ಯಾಂಕುಗಳು ಬೆಳಕು ಹರಿಯುವ ಮೊದಲೇ ಇಳಿದಿರುತ್ತಿದ್ದವು. "ಪಾಪ, ಎದ್ದು ಅಡುಗೆ ಮಾಡ್ಕೊಂಡವ್ರೆ" ಎಂದು ಆ ಗೆರೆಯ ಮೇಲೆ ಪೆನ್ನಿನ ಮುಚ್ಚಳ ಆಡಿಸುತ್ತಿದ್ದರು. ಒಂದು ಸಣ್ಣ ಹಳ್ಳಿಯ ಟ್ಯಾಂಕು ನಡುಮಧ್ಯಾಹ್ನ ದಬದಬ ಇಳಿದರೆ, "ಯಾರ್ದೋ ಮನೇಲಿ ಮದ್ವೆ ಊಟ. ಪಾತ್ರೆ ತೊಳೀತಾವ್ರೆ" ಎನ್ನುತ್ತಿದ್ದರು. ಅವರು ಹೇಳಿದ್ದೆಲ್ಲ ನಿಜವೋ ಸುಳ್ಳೋ ಪರೀಕ್ಷಿಸಲು ನಾವು ಯಾವತ್ತೂ ಹೋಗಿರಲಿಲ್ಲ. ಒಂದು ಸಲ ಅವರು ಸಾವಿನ ಮನೆ ಅಂದದ್ದು ಪೈಪು ಒಡೆದದ್ದು ಎಂದು ಗೊತ್ತಾಗಿ ನಾನು ನಕ್ಕಿದ್ದೆ. "ಒಳ್ಳೇದೇ ಆಯ್ತು ಬುಡು, ಯಾರೂ ಸತ್ತಿಲ್ವಲ್ಲ" ಅಂದರು.

ಆ ಕೊಠಡಿ ಮೊದಲು ಉಗ್ರಾಣವಾಗಿತ್ತು. ಬೆಳಕು ಬಿದ್ದು ಪರದೆ ಕಾಣುವುದಿಲ್ಲವೆಂದು ಇದ್ದೊಂದು ಕಿಟಕಿಗೂ ಹಲಗೆ ಹೊಡೆದಿದ್ದರು. ಗೋಡೆಯ ಆಚೆಗೇ ಬೆಟ್ಟ, ಮಧುಗಿರಿಗೆ ಬಂದವರೆಲ್ಲ ನಿಂತು ತಲೆಯೆತ್ತಿ ನೋಡುವ ಬೆಟ್ಟ. ನಮಗೆ ಅದು ಬಸ್ಸಿಳಿದು ಒಳಗೆ ಬರುವಾಗ ಒಂದು ಸಲ, ಹೊರಗೆ ಹೋಗುವಾಗ ಒಂದು ಸಲ. ಮಳೆ ಬರುವುದೂ ನಮಗೆ ಗೋಡೆಯಿಂದಲೇ ತಿಳಿಯುತ್ತಿತ್ತು. ಕೊರಟಗೆರೆಯ ಚುಕ್ಕೆಗಳು ಒಂದೊಂದಾಗಿ ಬೂದಾಗುತ್ತಾ ನಮ್ಮ ಕಡೆಗೆ ನಡೆದು ಬರುತ್ತಿದ್ದವು. "ಕರೆಂಟು ಹೋಗ್ತೈತೆ. ಮಳೆ ಇತ್ಲಾಗೇ ಬತ್ತೈತೆ ಕಣಮ್ಮ, ಮನೇಲಿ ಬಟ್ಟೆ ಒಣಗಾಕಿದ್ರೆ ಫೋನ್ ಮಾಡು" ಎನ್ನುತ್ತಿದ್ದರು.

ನಾನು ನಮ್ಮ ಅತ್ತೆಗೆ ಫೋನು ಮಾಡುತ್ತಿದ್ದೆ. ಅಣ್ಣ ಯಾರಿಗೂ ಮಾಡುತ್ತಿರಲಿಲ್ಲ.

ಅವರ ಹೆಂಡತಿಗೆ ಮಾತು ಹೋಗಿತ್ತು. ನಾನು ಆ ಕೆಲಸಕ್ಕೆ ಸೇರುವ ಮೊದಲೇ ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಬಲಗಾಲನ್ನು ಎಳೆದುಕೊಂಡು ನಡೆಯುತ್ತಿದ್ದರು. ಮಕ್ಕಳಿರಲಿಲ್ಲ. ಮನೆ ನಮ್ಮ ಕಂಟ್ರೋಲ್ ರೂಮಿನಿಂದ ದೂರವೇನಲ್ಲ, ಕೋಟೆಯ ಕಡೆಗೆ ಹೋಗುವ ಬೀದಿಯಲ್ಲಿ ಬಾಡಿಗೆಗೆ ಇದ್ದರು. ನಾನು ಆಕೆಯನ್ನು ಅತ್ತಿಗೆ ಎನ್ನುತ್ತಿದ್ದೆ. ಮೊದಮೊದಲು ಇವರು ಡ್ಯೂಟಿಯಿಂದ ಫೋನು ಮಾಡಿದರೆ ಅತ್ತಿಗೆ ಎತ್ತಿ ಕಿವಿಗೆ ಇಟ್ಟುಕೊಳ್ಳುತ್ತಿದ್ದರಂತೆ. ಇವರು ಮಾತಾಡುವುದು, ಆ ಕಡೆಯಿಂದ ಬರೀ ಉಸಿರು. ಆಮೇಲೆ ಎತ್ತುವುದನ್ನೇ ಬಿಟ್ಟರು. "ಉತ್ರ ಕೊಡಾಕಾಗ್ದೆ ಅವ್ಳಿಗೆ ಸಂಕ್ಟ ಆಗ್ತದೆ" ಎಂದಿದ್ದರು ನನಗೆ. "ಮೊದ್ಲು ಎಂಥಾ ಬಾಯಿ ಅವ್ಳ್ದು. ಬೀದಿ ಕೊನೇಲಿರೋ ನನ್ನ ಬಯ್ಯೋಳು, ಮನೇಲಿ ನಿಂತ್ಕೊಂಡು."

ಒಂದು ದಿನ ಅತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದರು. ಇವರು ಸಂಜೆ ಮನೆಗೆ ಹೋಗುವವರೆಗೂ ಹಾಗೇ ಬಿದ್ದಿದ್ದರು. ಕೂಗಲು ದನಿಯಿಲ್ಲ, ಏಳಲು ಕೈಯಿಲ್ಲ. ನಾಲ್ಕೇ ಹೆಜ್ಜೆಯಲ್ಲಿದ್ದ ಎದುರು ಮನೆಯವರಿಗೂ ಗೊತ್ತಾಗಿರಲಿಲ್ಲ. ಪೆಟ್ಟೇನೂ ದೊಡ್ಡದಾಗಿರಲಿಲ್ಲ. ಆದರೆ ಅದಾದ ಮೇಲೆ ಅವರು ಕುರ್ಚಿಯಲ್ಲಿ ಕೂತಲ್ಲಿ ಕೂರದಾದರು. ಕೆಂಪು ಬಂದರೆ ಒತ್ತುವುದು ಮರೆಯುತ್ತಿದ್ದರು. ಕೆಲಸ ಬಿಡುತ್ತೇನೆಂದರು. ಬಿಟ್ಟರೆ ಬಾಡಿಗೆ ಯಾರು ಕಟ್ಟುತ್ತಾರೆ, ಮಾತ್ರೆ ಯಾರು ತರುತ್ತಾರೆ ಎಂದು ಅವರೇ ಹೇಳಿಕೊಂಡು ಸುಮ್ಮನಾದರು.

ಆ ವಾರದ ಕೊನೆಗೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಹೊಸದೊಂದು ಟ್ಯಾಂಕು ಕಾಣಿಸಿತು. ನಕ್ಷೆಯಿಂದ ಹೊರಗೆ, ಯಾವ ತಾಲ್ಲೂಕಿಗೂ ಸೇರದ ಹಾಗೆ. ಕೆಳಗೆ "ಟೆಸ್ಟ್ ಪಾಯಿಂಟ್" ಎಂದು ಬರೆದಿತ್ತು.

"ಇದ್ಯಾವ್ದಣ್ಣ?"

"ನಮ್ಮನೆ ತಾರಸಿ ಮೇಲಿಂದು. ಕಪ್ಪು ಪ್ಲಾಸ್ಟಿಕ್ ಟ್ಯಾಂಕು. ಹಳೇ ತೇಲುಬುಂಡೆ ಸೆನ್ಸಾರು ಒಂದು ಬಿಸಾಕಿದ್ರಲ್ಲ, ಅದ್ನೇ ಸರಿ ಮಾಡಿ ಹಾಕಿದೀನಿ." ಟವಲಿನ ತುದಿಯಿಂದ ಆ ಮೂಲೆ ಒರೆಸಿ, "ಅವ್ಳಿಗೂ ತೋರಿಸಿದೀನಿ. ನೀನು ನಲ್ಲಿ ತಿರುವಿದ್ರೆ ನಂಗೆ ಅಲ್ಲಿ ಕಾಣ್ತದೆ ಅಂತ ಹೇಳಿದೀನಿ" ಅಂದರು.

ಆ ಟ್ಯಾಂಕನ್ನು ಒತ್ತಿ ಗೆರೆ ತೋರಿಸಿದರು. ಉಳಿದ ಟ್ಯಾಂಕುಗಳ ಗೆರೆ ಇಳಿಜಾರಿನ ಹಾಗಿದ್ದರೆ ಇದು ಮೆಟ್ಟಿಲಿನ ಹಾಗಿತ್ತು. ಒಂದು ಚಿಕ್ಕ ಮೆಟ್ಟಿಲು, ಮುಖ ತೊಳೆದದ್ದು. ಒಂದು ದೊಡ್ಡದು, ಸ್ನಾನ. ಆಮೇಲೆ ತುಸು ಹೊತ್ತು ಮಟ್ಟಸ. ಮತ್ತೆ ಚಿಕ್ಕ ಚಿಕ್ಕ ಮೆಟ್ಟಿಲು ಸಾಲಾಗಿ ಬಂದರೆ ಪಾತ್ರೆ.

ಅಂದಿನಿಂದ ಅವರ ಬೆಳಗಿನ ಮಾತಿಗೆ ಒಂದು ಬಾಲ ಸೇರಿತು. ನಾಲ್ಕು ತಾಲ್ಲೂಕು ನೋಡಿ ಮುಗಿಸಿ, ಕನ್ನಡಕ ಹಣೆಗೇರಿಸಿ, ಮೂಲೆಗೆ ಬಗ್ಗಿ, "ಎದ್ದವ್ಳೆ" ಎನ್ನುತ್ತಿದ್ದರು. ಆಮೇಲೇ ಟೀ ಕುಡಿಯುತ್ತಿದ್ದರು. ಅಷ್ಟರಲ್ಲಿ ಅದು ಆರಿಹೋಗಿರುತ್ತಿತ್ತು.

ಒಮ್ಮೆ ಸಾಹೇಬರು ಬಂದು ಪರದೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು. ಅವರು ವಯಸ್ಸಿನಲ್ಲಿ ನಮಗಿಂತ ಚಿಕ್ಕವರು, ಬೇರೆ ಜಿಲ್ಲೆಯವರು.

"ಇದೇನ್ರೀ ಮೂಲೇಲಿ?"

"ಟೆಸ್ಟ್ ಪಾಯಿಂಟು ಸಾರ್. ರಿಪೇರಿ ಮಾಡಿದ್ ಸೆನ್ಸಾರ್ನ ಮೊದ್ಲು ಅಲ್ಲಾಕಿ ನೋಡ್ತೀವಿ."

"ಎಷ್ಟು ದೊಡ್ಡ ಟ್ಯಾಂಕು?"

"ಸಣ್ಣದು ಸಾರ್."

ಸಾಹೇಬರು ಅದನ್ನು ಒತ್ತಿದರು. ಗೆರೆ ತೆರೆದುಕೊಂಡಿತು. ಅವರು ನೋಡುತ್ತಿರುವಾಗಲೇ ಒಂದು ಮೆಟ್ಟಿಲು ಇಳಿಯಿತು. "ಯಾರೋ ಕೈ ತೊಳ್ಕೊಂಡ್ರು" ಎಂದು ನಕ್ಕು, ನಮ್ಮಿಬ್ಬರ ಮುಖವನ್ನೂ ನೋಡಿದರು. ನಾವು ನಗಲಿಲ್ಲ. ಅವರು ಗೆರೆಯನ್ನು ಮುಚ್ಚಿ, ಪುರವರದ ಪಂಪಿನ ವಿಷಯ ಎತ್ತಿದರು. ತೆಗೆಯಿರಿ ಎಂದು ಅವತ್ತೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಅಪರೂಪಕ್ಕೊಂದು ದಿನ ಆ ಗೆರೆ ಇಳಿಯುತ್ತಲೇ ಇರಲಿಲ್ಲ. ಚುಕ್ಕೆ ಹಸಿರಾಗಿಯೇ ಇರುತ್ತಿತ್ತು, ಸಿಗ್ನಲ್ಲು ಬರುತ್ತಿತ್ತು, ಗೆರೆ ಮಾತ್ರ ಬೆಳಗಿನಿಂದ ದಾರ ಎಳೆದು ಕಟ್ಟಿದ ಹಾಗೆ ಮಟ್ಟಸ. ಅಂಥ ದಿನ ಅವರು ಹತ್ತು ಹತ್ತು ನಿಮಿಷಕ್ಕೂ ಅದನ್ನೇ ಒತ್ತುತ್ತಿದ್ದರು. ಊಟದ ಹೊತ್ತಾಗುತ್ತಿದ್ದಂತೆ ಸಾಹೇಬರಿಗೆ ಫೋನು ಹಚ್ಚುತ್ತಿದ್ದರು. "ಸಾರ್, ಟೆಸ್ಟ್ ಪಾಯಿಂಟ್ ಸೆನ್ಸಾರ್ ಕೆಟ್ಟೈತೆ. ಸುಣ್ಣ ಕಟ್ಕೊಂಡು ತೇಲುಬುಂಡೆ ಸಿಕ್ಕಾಕ್ಕೊಂಡೈತೆ. ನೋಡ್ಕೊಂಡ್ ಬಂದ್ಬುಡ್ತೀನಿ." ನಮ್ಮೂರಿನದು ಗಡಸು ನೀರು, ಬಿಸಿನೀರಿನ ಹಂಡೆಯಲ್ಲೇ ಬೆರಳು ದಪ್ಪ ಸುಣ್ಣ ಕೂರುತ್ತದೆ. ಸಾಹೇಬರು ಹೋಗಿಬನ್ನಿ ಎನ್ನುತ್ತಿದ್ದರು. ಇವರು ನನಗೆ, "ಸ್ವಲ್ಪ ಕೂತಿರಮ್ಮ. ನನ್ ಕಡೆದೂ ನೀನೇ ಒತ್ಬುಡು" ಎಂದು ಹೇಳಿ, ತಮ್ಮ ಊಟದ ಡಬ್ಬಿಯನ್ನು ನನ್ನ ಕಡೆ ತಳ್ಳಿ, ಇನ್ನೊಂದು ಸೆನ್ಸಾರು ಹಿಡಿದು ಓಡುತ್ತಿದ್ದರು.

ವಾಪಸು ಬರುವಾಗ ಅವರ ಮೈಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಕೈಯಲ್ಲಿ ಕಾಗದ ಸುತ್ತಿದ ಹಳೆಯ ಸೆನ್ಸಾರು. "ಸತ್ತೋಗಿತ್ತು. ಬ್ಯಾರೇದ್ ಹಾಕ್ದೆ" ಎಂದು ಅದನ್ನು ಡ್ರಾಯರಿಗೆ ಹಾಕುತ್ತಿದ್ದರು.

"ಎಲ್ಲ ಊರಲ್ಲೂ ವರ್ಷಗಟ್ಟಲೆ ಇರುತ್ತೆ, ನಿಮ್ಮನೇಲೇ ಯಾಕಣ್ಣ ಹಿಂಗೆ ಕೆಡ್ತದೆ?" ಎಂದು ನಾನು ರೇಗಿಸುತ್ತಿದ್ದೆ.

"ನಮ್ಮನೆ ನೀರು ಅಂಗೈತೆ ಕಣಮ್ಮ."

ಒಂದು ದಿನ ಅದು ಕೆಟ್ಟ ಹೊತ್ತಿಗೆ ಬಂತು. ಪುರವರದ ಹತ್ತಿರ ದೊಡ್ಡ ಪೈಪು ಒಡೆದಿತ್ತು. ಗೋಡೆಯ ಮೇಲೆ ಒಂದರ ಹಿಂದೆ ಒಂದು ಕೆಂಪು. ಅತ್ತ ಮಡಕಶಿರಾ ರಸ್ತೆಯ ಕಡೆಯ ಹಳ್ಳಿಗಳಿಂದ ಫೋನು, ಇತ್ತ ಪಂಪ್ ಹೌಸಿನವರಿಂದ ಫೋನು. ಯಾವ ವಾಲ್ವು ಮುಚ್ಚಬೇಕೆಂದು ಪರದೆ ನೋಡಿ ನೋಡಿ ಹೇಳುತ್ತಾ ಅವರ ಗಂಟಲು ಬಿದ್ದುಹೋಗಿತ್ತು. ಆ ಗಲಾಟೆಯ ನಡುವೆ ಮೂಲೆಯ ಗೆರೆ ಬೆಳಗಿನಿಂದ ಮಟ್ಟಸವಾಗಿದ್ದುದನ್ನು ನಾನೂ ನೋಡಿದ್ದೆ, ಅವರೂ ನೋಡಿದ್ದರು. ಹೆಚ್ಚೆಂದರೆ ಒಬ್ಬರು ಎದ್ದು ಹೋಗಬಹುದಿತ್ತು. ಇಬ್ಬರಲ್ಲಿ ಅವರು ಇರಲೇಬೇಕಿತ್ತು.

"ಅಣ್ಣ, ನಾನೇ ಒಂದ್ ಹೆಜ್ಜೆ ಹೋಗಿ ನೋಡ್ಕೊಂಡ್ ಬರ್ಲಾ? ಬಿದ್ದುಗಿದ್ದಿದ್ರೆ?"

ಅವರು ತಲೆಯಾಡಿಸಿದರು. "ಬಿದ್ದಿಲ್ಲ."

"ಹೆಂಗ್ ಹೇಳ್ತೀರ?"

"ನೀನ್ ಹೋದ್ರೆ ಆಗಲ್ಲ ಕಣಮ್ಮ. ನಾನೇ ಹೋಗ್ಬೇಕು." ಅಷ್ಟು ಹೇಳಿ ಮತ್ತೊಂದು ಕೆಂಪನ್ನು ಒತ್ತಿದರು. ಪೈಪು ಸರಿಹೋಗುವ ಹೊತ್ತಿಗೆ ಸಂಜೆಯಾಗಿತ್ತು. ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಟವರು ಬಾಗಿಲಾಚೆ ಮೆಟ್ಟಿಕೊಂಡರು. ಮರುದಿನ ಕೇಳಿದೆ. "ಚೆನ್ನಾಗವ್ಳೆ. ಕೋಪ ಮಾಡ್ಕೊಂಡವ್ಳೆ" ಅಂದರು. ಆವತ್ತು ಅವರು ಡಬ್ಬಿ ತಂದಿರಲಿಲ್ಲ. ನನ್ನದರಲ್ಲೇ ಇಬ್ಬರೂ ಉಂಡೆವು.

ಅವರು ಸತ್ತದ್ದು ಪಾವಗಡದಲ್ಲಿ. ತಂಗಿಯ ಮನೆಗೆಂದು ರಜ ಹಾಕಿ ಹೋಗಿದ್ದರು. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದು, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರಂತೆ. ಕೂತವರು ಪಕ್ಕಕ್ಕೆ ವಾಲಿದರಂತೆ. ಅಷ್ಟು ವರ್ಷ ಗೋಡೆಯ ಮೇಲೆ ನೋಡಿದ ಊರಿಗೆ ಒಂದು ದಿನದ ಮಟ್ಟಿಗೆ ಹೋಗಿದ್ದರು. ಫೋನು ಬಂದಾಗ ನಾನು ಕುರ್ಚಿಯಲ್ಲಿದ್ದೆ. ಮೂಲೆಯ ಗೆರೆ ಚಿಕ್ಕ ಚಿಕ್ಕ ಮೆಟ್ಟಿಲಾಗಿ ಇಳಿಯುತ್ತಿತ್ತು. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು, ಅವರಿಗಿನ್ನೂ ಗೊತ್ತಾಗಿರಲಿಲ್ಲ.

ಅವರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಹಗಲು ನಾನೊಬ್ಬಳೇ. ಎರಡು ಕುರ್ಚಿಯ ಕೆಂಪನ್ನೂ ನಾನೇ ಒತ್ತುತ್ತೇನೆ. ಅತ್ತಿಗೆಯನ್ನು ಅವರ ನಾದಿನಿ, ಅಣ್ಣನ ತಂಗಿ, ಪಾವಗಡಕ್ಕೆ ಕರೆದುಕೊಂಡು ಹೋಗುತ್ತೇನೆಂದರು. ಅತ್ತಿಗೆ ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತರಂತೆ, ಬಿಡಿಸಲಾಗಲಿಲ್ಲವಂತೆ. ಈಗ ನಾದಿನಿ ವಾರಕ್ಕೊಮ್ಮೆ ಬಂದುಹೋಗುತ್ತಾರೆ. ಎದುರು ಮನೆಯಾಕೆ ಬೆಳಿಗ್ಗೆ ಸಂಜೆ ಇಣುಕುತ್ತಾರೆ. ನಡುವಿನ ಹಗಲನ್ನು ನಾನು ನೋಡುತ್ತೇನೆ. ನೋಡು ಎಂದು ನನಗೆ ಯಾರೂ ಹೇಳಲಿಲ್ಲ.

ಈಚೆಗೆ ಕೊರಟಗೆರೆಯ ಕಡೆ ಒಂದು ಟ್ಯಾಂಕಿನ ಸೆನ್ಸಾರು ಹೋಯಿತು, ಹೊಸದು ಇರಲಿಲ್ಲ. ಸಾಹೇಬರು ಫೋನಿನಲ್ಲಿ, "ಅವರ ಡ್ರಾಯರಲ್ಲಿ ಹಳೇವು ಇರಬೇಕಲ್ಲ ಮೇಡಂ, ಯಾವುದಾದ್ರೂ ಸರಿಹೋಗುತ್ತಾ ನೋಡಿ" ಅಂದರು. ನಾನು ಕಾಗದ ಬಿಚ್ಚಿದೆ. ಒಂದರ ಮೇಲೂ ಸುಣ್ಣದ ಕಲೆ ಇರಲಿಲ್ಲ. ಬಕೆಟ್ಟಿಗೆ ನೀರು ತುಂಬಿ ಒಂದನ್ನು ಇಳಿಬಿಟ್ಟು ತಂತಿ ಸಿಕ್ಕಿಸಿದೆ. ಬುಂಡೆ ಸಲೀಸಾಗಿ ತೇಲಿತು, ಪರದೆಯಲ್ಲಿ ಅಂಕಿ ಏರಿತು. ಇನ್ನೊಂದನ್ನು ಬಿಟ್ಟೆ, ಅದೂ ಏರಿತು. ಅವರು "ಸತ್ತೋಗಿತ್ತು" ಎಂದು ತಂದಿಟ್ಟದ್ದೆಲ್ಲ ಬದುಕಿತ್ತು. ಒದ್ದೆ ಕೈಯಲ್ಲಿ ನಾನು ಬಹಳ ಹೊತ್ತು ಆ ಬಕೆಟ್ಟಿನ ಪಕ್ಕ ಕೂತಿದ್ದೆ. ಕೆಡದೇ ಇದ್ದುದನ್ನು ಅವರು ಯಾಕೆ ಬದಲಾಯಿಸುತ್ತಿದ್ದರು ಎಂದು ಹೊಳೆಯಲಿಲ್ಲ.

ಅದಾಗಿ ಕೆಲವು ದಿನಕ್ಕೆ, ಬೆಳಿಗ್ಗೆ ನಾಲ್ಕು ತಾಲ್ಲೂಕು ಮುಗಿಸಿ ಮೂಲೆಗೆ ಬಂದರೆ, ಗೆರೆ ಮಟ್ಟಸವಾಗಿತ್ತು. ಮುಖ ತೊಳೆದ ಮೆಟ್ಟಿಲಿಲ್ಲ. ಕಾದೆ. ಸ್ನಾನದ ಮೆಟ್ಟಿಲಿಲ್ಲ. ಚುಕ್ಕೆ ಹಸಿರು. ನನ್ನ ಹತ್ತಿರ ಎದುರು ಮನೆಯಾಕೆಯ ನಂಬರು ಇತ್ತು, ಮಾಡಿದೆ, ಎತ್ತಲಿಲ್ಲ. ಬಚ್ಚಲು ಕಣ್ಣ ಮುಂದೆ ಬಂತು. ಬೇರೆ ಏನೂ ಬರಲಿಲ್ಲ. ಆದರೆ ಪಕ್ಕದ ಕುರ್ಚಿ ಖಾಲಿ, "ಸ್ವಲ್ಪ ಕೂತಿರಿ" ಎಂದು ಹೇಳಲು ನನಗೆ ಯಾರೂ ಇರಲಿಲ್ಲ. ಸಾಹೇಬರಿಗೆ ಮಾಡಿದೆ.

"ಸಾರ್, ನಾನು ಹೊರಗೆ ಹೋಗಿ ಬರಬೇಕು."

"ಈಗಲಾ? ರೂಮಲ್ಲಿ ಯಾರಿರ್ತಾರೆ ಮೇಡಂ? ಯಾವ ಟ್ಯಾಂಕು?"

"ಟೆಸ್ಟ್ ಪಾಯಿಂಟ್ ಸಾರ್."

"ಹೋಗಿ. ಕೆಂಪು ಬಂದ್ರೆ ನನ್ನ ಫೋನಿಗೆ ಬರುತ್ತಲ್ಲ, ನಾನು ಒತ್ತಿಕೊಳ್ತೀನಿ" ಅಂದರು.

ಬಿಸಿಲಲ್ಲಿ ಓಡುತ್ತಾ ಹೋದೆ. ಬಾಗಿಲು ಪೂರ್ತಿ ತೆರೆದಿತ್ತು. ಅತ್ತಿಗೆ ಹೊಸ್ತಿಲ ಒಳಗೆ ಗೋಡೆಗೊರಗಿ ಕೂತಿದ್ದರು. ತಲೆ ಬಾಚಿಕೊಂಡಿದ್ದರು. ನಡುಮನೆಯಲ್ಲಿ ಬಿಂದಿಗೆ, ಕೊಡ, ಬಕೆಟ್ಟು, ಎಲ್ಲ ತುಂಬಿ ಸಾಲಾಗಿ ಇಟ್ಟಿತ್ತು. ಅವುಗಳ ಪಕ್ಕದಲ್ಲಿ ಅನ್ನದ ಪಾತ್ರೆ, ಸಾರಿನ ಪಾತ್ರೆ. ಎರಡು ತಟ್ಟೆ.

ನನ್ನ ಹಿಂದೆಯೇ ಎದುರು ಮನೆಯಾಕೆ ಕೈ ಒರೆಸಿಕೊಳ್ಳುತ್ತಾ ಬಂದರು. "ಏನಾಯ್ತಮ್ಮ, ಹಿಂಗ್ ಓಡ್ಬಂದೆ?"

"ಬೆಳಿಗ್ಗೆಯಿಂದ ನಲ್ಲಿ ತಿರುವಿಲ್ಲ ಅಂತ..."

"ಬೀದಿ ನಲ್ಲೀಲಿ ನೀರು ಬಂದಿತ್ತಲ್ಲ, ನಾನೇ ತುಂಬ್ಸಿಕೊಟ್ಟೆ. ಸನ್ನೆ ಮಾಡಿ ಎಲ್ಲಾನೂ ತುಂಬ್ಸಿಸ್ಕೊಂಡ್ಳು. ಮೊದ್ಲೂ ಅಂಗೇ, ಯಾವತ್ತೋ ಒಂದಿನ ಹಿಂಗ್ ಮಾಡೋಳು. ಮನೆ ನಲ್ಲಿ ಮುಟ್ತಿರ್ಲಿಲ್ಲ. ಆವತ್ತು ಅವ್ರು ಮದ್ಯಾನ ಊಟಕ್ ಬತ್ತಿದ್ರು."

ಬೀದಿಯ ನಲ್ಲಿಯ ನೀರು ತಾರಸಿಯ ಟ್ಯಾಂಕಿನದಲ್ಲ. ಅದನ್ನು ಎಷ್ಟು ಬಳಸಿದರೂ ನಮ್ಮ ಗೆರೆ ಇಳಿಯುವುದಿಲ್ಲ. ಫೋನಿನಲ್ಲಿ ಬಾ ಎನ್ನಲಾಗದ ಹೆಂಗಸು ಅವರನ್ನು ಊಟಕ್ಕೆ ಕರೆಯುತ್ತಿದ್ದದ್ದು ಹೀಗೆ. ಅವರಿಗೂ ಅದು ಗೊತ್ತಿತ್ತು. ಆ ಕುರ್ಚಿಯಿಂದ ಏಳಲು ಸೆನ್ಸಾರು ಕೆಡಲೇಬೇಕಿತ್ತು, ಕೆಟ್ಟಿದೆ ಎಂದರು. ಅಷ್ಟು ಸಲ ಕಾಗದದಲ್ಲಿ ಸುತ್ತಿ ತಂದಿಟ್ಟರು, ಪಕ್ಕದಲ್ಲೇ ಕೂತಿದ್ದ ನನಗೂ ಹೇಳಲಿಲ್ಲ.

ಅತ್ತಿಗೆ ನನ್ನನ್ನು ನೋಡಿದರು. ಆಮೇಲೆ ನನ್ನ ಭುಜದ ಪಕ್ಕದಿಂದ ಹಿಂದೆ, ಬೀದಿಯನ್ನು ನೋಡಿದರು. ಅಣ್ಣ ಸತ್ತದ್ದು ಆಕೆಗೆ ಗೊತ್ತಿಲ್ಲದ್ದೇನಲ್ಲ, ಮಣ್ಣಿಗೆ ಎತ್ತುವವರೆಗೂ ಕಾಲ ಬಳಿಯೇ ಕೂತಿದ್ದವರು. ಆದರೂ ನೋಡಿದರು. ನಾನು ಪಕ್ಕಕ್ಕೆ ಸರಿದು ನಿಂತೆ, ಪೂರ್ತಿ ಕಾಣಲಿ ಎಂದು. ಬೀದಿಯಲ್ಲಿ ಬಿಸಿಲಿತ್ತು.

ಸ್ವಲ್ಪ ಹೊತ್ತಾದ ಮೇಲೆ ಎಡಗೈಯಿಂದ ಒಂದು ತಟ್ಟೆಯನ್ನು ನನ್ನ ಕಡೆ ತಳ್ಳಿದರು. ನಾನು ಕೂತೆ. ಸಾರು ಆರಿತ್ತು. ಇಬ್ಬರೂ ಉಂಡೆವು. ಅವರು ಎದ್ದು ಕಾಲೆಳೆದುಕೊಂಡು ಹಿತ್ತಿಲಿಗೆ ಹೋಗಿ, ಬಿಂದಿಗೆಯ ನೀರು ಮುಟ್ಟದೆ, ಮನೆಯ ನಲ್ಲಿ ತಿರುವಿ ಕೈ ತೊಳೆದರು. ತೊಳೆದಾದ ಮೇಲೂ ನಿಲ್ಲಿಸಲಿಲ್ಲ. ನೀರು ಕಲ್ಲಿನ ಮೇಲೆ ಬೀಳುವುದನ್ನು ನೋಡುತ್ತಾ ನಿಂತರು.

ನನ್ನ ಫೋನು ಬಡಿದುಕೊಂಡಿತು. ಸಾಹೇಬರು.

"ಮೇಡಂ, ಫೋನಲ್ಲಿ ನೋಡ್ತಿದೀನಿ, ಗೆರೆ ಇಳೀತಾ ಇದೆ. ಏನಾಗಿತ್ತು?"

ನಾನು ಹಿತ್ತಿಲ ಕಡೆ ನೋಡಿದೆ. ಅತ್ತಿಗೆ ನಲ್ಲಿ ನಿಲ್ಲಿಸಿ, ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಸೆನ್ಸಾರ್ ಕೆಟ್ಟಿತ್ತು ಸಾರ್" ಅಂದೆ. "ಸುಣ್ಣ ಕಟ್ಟಿಕೊಂಡು ತೇಲುಬುಂಡೆ ಸಿಕ್ಕಿಕೊಂಡಿತ್ತು. ಇಲ್ಲಿನ ನೀರೇ ಹಂಗೆ. ಆಗಾಗ ಬರ್ತಾ ಇರಬೇಕಾಗುತ್ತೆ."